ಹಾಡಿನ ಪೆಟ್ಟಿಗೆ

ಹಾಡು ಕೇಳುವುದು ರಸಿಕರ ಕೆಲಸ. ಹಾಡುಗಳನ್ನು ಜೋಡಿಸಿ ಜೋಪಾನಮಾಡುವುದು ಗುಮಾಸ್ತರ ಕೆಲಸ. ಮೊದಲನೆಯದನ್ನು ಕುರಿತು ಕವಿಗಳು ಬೇಕಾದಷ್ಟು ಹಾಡಿದ್ದಾರೆ. ಎರಡನೆಯದು ಅನಾಥವಾಗಿ ಉಳಿದಿದೆಯಾದ್ದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯುವ ಸಾಹಸಕ್ಕೆ ಕೈಹಾಕಿದ್ದೇನೆ. ಪರೀಕ್ಷೆಯ ಹೊಸ್ತಿಲಲ್ಲಿ ನಿಂತಿರುವ ಅಂತಿಮ ಬಿ.ಎ. ತರಗತಿಯವರಿಗೆ ಇದೆಂಥ ವಿಷಯ ಎಂದು ಅಧ್ಯಾಪಕರು ಹುಬ್ಬೇರಿಸಬಹುದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಮೂರು ವರ್ಷ ಚಿಕ್ಕಬಳ್ಳಾಪುರಕ್ಕೆ ಬಂದುಹೋಗಿ ಕಲಿತದ್ದರಲ್ಲಿ ಇಂದಿಗೂ ಮನೆಯವರ ಕೈಗೆ ಪ್ರತ್ಯಕ್ಷವಾಗಿ ಸಿಕ್ಕಿರುವ ಫಲ ಇದೊಂದೇ ಎಂದು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ತಾಯಿಯವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ. ಬೆಂದ ಗೂಡುಗಳಿಂದ ಎಳೆಯ ತುದಿ ಹುಡುಕಿ, ಹಲವು ಎಳೆಗಳನ್ನು ಒಂದುಮಾಡಿ, ತಿರುಗುವ ರಾಟೆಗೆ ಒಪ್ಪಿಸುತ್ತಿರಬೇಕು. ಬೆರಳು ದಿನವೆಲ್ಲ ಬಿಸಿನೀರಿನಲ್ಲಿ, ಕಣ್ಣು ಎಳೆಯ ಮೇಲೆ, ಬಿಡುವಾಗಿರುವುದು ಕಿವಿಯೊಂದೇ. ಆ ಕಿವಿಗಾಗಿ ಒಂದು ಪೆಟ್ಟಿಗೆ. ಇಟ್ಟಿಗೆಯಷ್ಟು ಗಾತ್ರ; ಒಂದು ಬದಿಗೆ ಮೆಮೊರಿ ಕಾರ್ಡಿನ ಸೀಳು, ಇನ್ನೊಂದು ಬದಿಗೆ ಪೆನ್‌ಡ್ರೈವಿನ ಬಾಯಿ; ಮುಂದೆ ಸೊನ್ನೆಯಿಂದ ಒಂಬತ್ತರವರೆಗೆ ಗುಂಡಿಗಳು, ಮೇಲೆ ಕೆಂಪು ಅಂಕಿ ಮೂಡುವ ಕಿರುಗಾಜು.

ಗೌರಿಬಿದನೂರಿನಿಂದ ಮಂಚೇನಹಳ್ಳಿಯ ಮೇಲೆ ಬಸ್ಸಿನಲ್ಲಿ ಬರುವ ನನ್ನ ಸಹಪಾಠಿಯೊಬ್ಬರು ಇದನ್ನು ಕೇಳಿ ನಕ್ಕರು. “ಫೋನಿನ ಮೇಲೆ ಬೆರಳಾಡಿಸಿದರೆ ಪ್ರಪಂಚದ ಹಾಡೆಲ್ಲ ಬರುವ ಕಾಲದಲ್ಲಿ ಪೆಟ್ಟಿಗೆ ಯಾರಿಗೆ ಬೇಕು?” ಎಂದರು. ಮಾತು ಸುಳ್ಳಲ್ಲ. ೨೦೦೧ರಲ್ಲಿ ಆಪಲ್ ಕಂಪನಿಯ ಐಪಾಡ್ ಬಂದಾಗ ಸಾವಿರ ಹಾಡು ಜೇಬಿನಲ್ಲಿ ಹಿಡಿಸುತ್ತದೆಂಬುದೇ ಲೋಕಕ್ಕೆ ವಿಸ್ಮಯವಾಗಿತ್ತು. ೨೦೨೨ರಲ್ಲಿ ಆ ಕಂಪನಿಯೇ ಅದಕ್ಕೆ ಮಂಗಳ ಹಾಡಿತು. ಅದರ ಕೆಲಸವನ್ನೆಲ್ಲ ಫೋನು ನುಂಗಿತ್ತು. ಆದರೆ ಫೋನಿನ ಗಾಜು ಒದ್ದೆ ಬೆರಳಿಗೆ ಸರಿಯಾಗಿ ಮಣಿಯುವುದಿಲ್ಲ. ಗುಂಡಿಗಾದರೋ ಒದ್ದೆ ಒಣಗೆಂಬ ಭೇದವಿಲ್ಲ. ಇನ್ನೊಂದು ಕಾರಣವೂ ಉಂಟು. ನನ್ನ ತಾಯಿಗೆ ಅಕ್ಷರ ಬಾರದು. ಅಂಕಿ ಚೆನ್ನಾಗಿ ಬರುತ್ತದೆ. ಕೂಲಿಯ ಲೆಕ್ಕ, ಬಸ್ಸಿನ ಚೀಟಿ, ಗೂಡಿನ ಮಾರುಕಟ್ಟೆಯ ಲಾಟ್ ನಂಬರು—ಇವೇ ಅವರ ಪಾಠಶಾಲೆ.

ಕಾರ್ಡನ್ನು ಮೊದಲು ತುಂಬಿಸಿದ್ದು ಚಿಂತಾಮಣಿಯ ಒಂದು ಅಂಗಡಿಯಲ್ಲಿ. ಸೆಕೆಂಡಿಗೆ ೧೨೮ ಕಿಲೋಬಿಟ್ಟಿನ ಎಂ.ಪಿ. ಥ್ರೀ ಹಾಡು ನಿಮಿಷಕ್ಕೆ ಸುಮಾರು ಒಂದು ಎಂ.ಬಿ. ಜಾಗ ಹಿಡಿಯುತ್ತದೆ. ಎಂಟು ಜಿ.ಬಿ.ಯ ಕಾರ್ಡೆಂದರೆ ೧೩೦ ಗಂಟೆಗೂ ಮೀರಿದ ಸಂಗೀತ! ಅಂಗಡಿಯವರು ಮೊರದಿಂದ ರಾಗಿ ಸುರಿಯುವಂತೆ ಸುರಿದುಕೊಟ್ಟಿದ್ದರು. ಒಂದೇ ಹಾಡು ಮೂರು ಸಲ. ಪಲ್ಲವಿ ಮುಗಿಯುವುದರೊಳಗೆ ಕತ್ತು ಮುರಿದುಕೊಂಡ ಹಾಡು ಹತ್ತಾರು. ಪ್ರತಿಯೊಂದರ ಹೆಸರಿನ ಮುಂದೆಯೂ ಯಾವುದೋ ಅಂತರ್ಜಾಲ ತಾಣದ ಹೆಸರು. ಕಲ್ಲು ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಆರಿಸಿದ್ದಾಯಿತು; ಜೋಡಿಸುವುದು ಹೇಗೆ? ತಾಯಿಯ ಪೆಟ್ಟಿಗೆ ಹಾಡಿನ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾರ್ಡಿಗೆ ಯಾವುದು ಮೊದಲು ಬರೆಯಲ್ಪಟ್ಟಿತೋ ಅದೇ ಒಂದು, ಅನಂತರದ್ದು ಎರಡು. ಆದ್ದರಿಂದ ಒಂದೊಂದಾಗಿ ಕ್ರಮವರಿತು ಬರೆದೆ. ೧ರಿಂದ ೨೦ ಬೆಳಗಿನ ದೇವರ ನಾಮಗಳು. ೨೧ರಿಂದ ೬೦ ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿಯವರ ಹಳೆಯ ಚಿತ್ರಗೀತೆಗಳು. ೬೧ರಿಂದ ಮುಂದಕ್ಕೆ ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರ ತತ್ತ್ವಪದಗಳು. ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ನಮ್ಮ ಸೀಮೆಯವರು ಎರಡು ನುಡಿಯನ್ನೂ ಒಂದೇ ತಟ್ಟೆಯಲ್ಲಿ ಉಂಡವರು. ಭಾಷೆಗೊಂದು ಪಂಕ್ತಿ ಮಾಡಲು ತಾಯಿ ಒಪ್ಪಲಿಲ್ಲ.

ಹದಿನೈದು ದಿನದೊಳಗೆ ಅಂಕಿಗಳೆಲ್ಲ ಅವರಿಗೆ ಬಾಯಿಪಾಠವಾದವು. ಜೊತೆಯ ಹೆಂಗಸರೂ ಹಾಡಿನ ಹೆಸರನ್ನು ಕೈಬಿಟ್ಟು, “ಅಕ್ಕಾ, ನಲವತ್ತೊಂದು ಹಾಕು” ಎನ್ನತೊಡಗಿದರು. ಅಷ್ಟರಲ್ಲಿ ನನ್ನ ತಮ್ಮ ಬೇಡವೆನಿಸಿದ ಎರಡು ಹಾಡುಗಳನ್ನು ಅಳಿಸಿಹಾಕಿದ. ಹಿಂದಿನವುಗಳೆಲ್ಲ ಎರಡೆರಡು ಮೆಟ್ಟಿಲು ಮುಂದಕ್ಕೆ ಜರುಗಿದವು. ಮರುದಿನ ೪೧ ಒತ್ತಿದರೆ ಬೇರೆಯೇ ಹಾಡು. ಸಂಜೆ ತಾಯಿ ಬಂದು ಒಂದೇ ಮಾತು ಕೇಳಿದರು: “ಮನೆ ನಂಬರು ಬದಲಾಯಿಸಿಬಿಟ್ಟರೆ ಟಪಾಲಿನವನು ಎಲ್ಲಿಗೆ ಹೋಗಬೇಕು?”

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಶಾಸನ ಜಾರಿಯಾಯಿತು. ಕೊಟ್ಟ ಅಂಕಿಯನ್ನು ಕಸಿಯಕೂಡದು. ಹಾಡೊಂದು ಹೋದರೆ ಅದೇ ಸ್ಥಾನಕ್ಕೆ ಮತ್ತೊಂದನ್ನಿಟ್ಟು ಕಾರ್ಡನ್ನು ಮೊದಲಿನಿಂದ ಬರೆಯಬೇಕು; ಹೊಸ ಹಾಡು ಎಷ್ಟೇ ದೊಡ್ಡವರದಾದರೂ ಸಾಲಿನ ಕೊನೆಗೇ ನಿಲ್ಲಬೇಕು. ನಮ್ಮ ಕಾಲೇಜಿನ ಪುಸ್ತಕ ಭಂಡಾರದ ದಾಖಲೆ ಪುಸ್ತಕದಲ್ಲಿಯೂ ಇದೇ ನ್ಯಾಯ. ೧೯೬೨ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವನ್ನು ತೆರೆದ ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯದ ಬೆಳವಣಿಗೆಯನ್ನು ಕುರಿತದ್ದೇ. ಬೆಳೆಯುವುದಕ್ಕೆ ಎಡೆಯಿರಬೇಕು, ಇದ್ದವರ ನೆಲೆಯೂ ತಪ್ಪಬಾರದು. ಅಕ್ಷರ ಬಾರದ ಓದುಗರೊಬ್ಬರಿಂದ ನಾನು ಈ ಶಾಸ್ತ್ರವನ್ನು ಕಲಿತೆ.

ಆದರೆ ಶಾಸನಕ್ಕೆ ಬಗ್ಗದ ಹಾಡು ಒಂದಿತ್ತು. ನನ್ನ ಅಜ್ಜಿ, ತಾಯಿಯ ತಾಯಿ, ೨೦೧೯ರಲ್ಲಿ ನಮ್ಮಕ್ಕನ ಮದುವೆಯಲ್ಲಿ ಹೇಳಿದ ಸೋಬಾನೆ. ನೆರೆಯವರೊಬ್ಬರು ಫೋನಿನಲ್ಲಿ ಹಿಡಿದಿದ್ದರು. ೨೦೨೧ರಲ್ಲಿ ಅಜ್ಜಿ ತೀರಿಕೊಂಡರು. ಮೂರು ನಿಮಿಷ ನಲವತ್ತು ಸೆಕೆಂಡು. ನಡುವೆ ಯಾರೋ ಎಲೆಯಡಿಕೆ ಕೇಳುವ ಸದ್ದು, ಒಂದು ಮಗುವಿನ ಅಳು. ಅದಕ್ಕೆ ಮೊದಲನೆಯ ಸ್ಥಾನ ಕೊಡೋಣವೆಂದೆ. ತಾಯಿ ಬೇಡವೆಂದರು.

“ಅದು ತಾನಾಗಿ ಬರಕೂಡದು. ಕೈ ನೀರಲ್ಲಿರುವಾಗ ಅಮ್ಮನ ದನಿ ಬಂದರೆ ಕಣ್ಣೊರೆಸಿಕೊಳ್ಳೋಕೂ ಆಗಲ್ಲ. ನಾನು ಕರೆದಾಗ ಮಾತ್ರ ಬರಲಿ.”

ಕೊನೆಯಲ್ಲಿಡೋಣವೆಂದರೆ ಕೊನೆಯೆಂಬುದು ನಿಲ್ಲುವುದಿಲ್ಲ; ನಾಳೆ ಹೊಸ ಹಾಡು ಬಂದರೆ ಅಜ್ಜಿ ನಡುವೆ ಸಿಕ್ಕಿಕೊಳ್ಳುತ್ತಾರೆ. ಎರಡು ದಿನ ಯೋಚಿಸಿದ ಮೇಲೆ ಪೆಟ್ಟಿಗೆಯ ಇನ್ನೊಂದು ಬದಿಯ ಬಾಯಿ ನೆನಪಾಯಿತು. ಎಂಟು ಜಿ.ಬಿ.ಯ ಪೆನ್‌ಡ್ರೈವೊಂದನ್ನು ಕೊಂಡು ಆ ಒಂದೇ ಹಾಡನ್ನು ಬರೆದೆ. ಎರಡು ಸಾವಿರ ಹಾಡು ಹಿಡಿಸುವ ಮನೆಯಲ್ಲಿ ಅಜ್ಜಿ ಒಬ್ಬರೇ. ಬದುಕಿದ್ದಾಗ ಎಂಟು ಜನರ ನಡುವೆ ಚಾಪೆ ಹಾಸಿಕೊಂಡು ಮಲಗಿದವರಿಗೆ ಇಷ್ಟು ವಿಶಾಲವಾದ ಜಾಗ ಸಿಕ್ಕಿದ್ದು ಇದೇ ಮೊದಲು.

ಇಂಥ ಹಾಡಿನ ಕಡತದ ಬಾಲದಲ್ಲಿ ಒಂದು ಚೀಟಿ ಕಟ್ಟುವ ಏರ್ಪಾಡು ೧೯೯೬ರಲ್ಲಿ ಬಂತು. ಹಾಡಿನ ಹೆಸರಿಗೆ ೩೦ ಬೈಟು, ಹಾಡಿದವರ ಹೆಸರಿಗೆ ೩೦ ಬೈಟು. ಯು.ಟಿ.ಎಫ್. ಎಂಟು ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟು ಬೇಕಾದ್ದರಿಂದ ಅಷ್ಟರಲ್ಲಿ ಹತ್ತೇ ಹಿಡಿಯುತ್ತವೆ. ಮುಂದಿನ ಆವೃತ್ತಿಗಳು ಜಾಗವನ್ನು ಹಿಗ್ಗಿಸಿದವು. ಅಜ್ಜಿಯ ಹಾಡಿಗೆ ಫೋನು ಇಟ್ಟಿದ್ದ ಹೆಸರು ತಾರೀಖು ಮತ್ತು ಗಂಟೆಯ ಅಂಕಿಗಳು ಮಾತ್ರ. ಗಣಕಯಂತ್ರದ ಮುಂದೆ ಕುಳಿತು, ಹಾಡಿದವರು ಎಂಬ ಕಡೆ ಅಜ್ಜಿಯ ಪೂರ್ತಿ ಹೆಸರನ್ನು ಕನ್ನಡದಲ್ಲಿ ಬರೆದೆ. ಅವರ ಹೆಸರು ರೇಷನ್ ಕಾರ್ಡಿನಲ್ಲಿತ್ತು, ಮತದಾರರ ಪಟ್ಟಿಯಲ್ಲಿತ್ತು. ಹಾಡಿದವರೆಂದು ಎಲ್ಲಿಯೂ ಇರಲಿಲ್ಲ. ತಾಯಿಯ ಪೆಟ್ಟಿಗೆ ಆ ಚೀಟಿಯನ್ನು ತೋರಿಸುವುದಿಲ್ಲ, ತೋರಿಸಿದರೂ ತಾಯಿ ಓದಲಾರರು. ಹಾಗಿದ್ದೂ, ಏನು ಬರೆದೆ ತೋರಿಸೆಂದು ಪಕ್ಕದಲ್ಲಿ ಬಂದು ಕುಳಿತರು; ಯಾವುದು ಮೊದಲನೆಯ ಅಕ್ಷರವೆಂದು ಕೇಳಿ ಅದನ್ನೇ ಸ್ವಲ್ಪ ಹೊತ್ತು ನೋಡಿದರು.

ಸಹಪಾಠಿಗಳೇ, ನಿಮ್ಮ ಮನೆಯ ಫೋನುಗಳಲ್ಲಿಯೂ ಬರಿಯ ತಾರೀಖಿನ ಹೆಸರು ಹೊತ್ತ ದನಿಗಳು ಬಿದ್ದಿರಬಹುದು. ಕಾರ್ಡುಗಳೂ ಪೆನ್‌ಡ್ರೈವುಗಳೂ ಮುನ್ಸೂಚನೆಯಿಲ್ಲದೆ ಸಾಯುವಂಥವು. ಮೂರು ಕಡೆ ಪ್ರತಿ ಇಡುವುದು ಲೇಸು. ಪರೀಕ್ಷೆ ಮುಗಿದು ರಜ ಬಂದಾಗ ಒಂದು ಮಧ್ಯಾಹ್ನ ಕುಳಿತು, ಹಾಡಿದವರ ಹೆಸರು ಬರೆಯಿರಿ. ಪದವಿಗೆ ಓದಿದ ನಮಗೆ ಅಷ್ಟು ಬರವಣಿಗೆ ಬರುತ್ತದೆ.