ಎಂಜಿನ್ನಿನ ಹೊಟ್ಟೆಯಲ್ಲಿ ಉಳಿದ ನೀರು

ಅಕ್ಟೋಬರ್ ಎರಡನೇ ವಾರ ಬಂತೆಂದರೆ ಮಿನೆಸೋಟದಲ್ಲಿ ಬೋಟು ಇಟ್ಟುಕೊಂಡವರಿಗೆಲ್ಲ ಒಂದೇ ಚಿಂತೆ. ಇವತ್ತು ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತೆ? ಹತ್ತು ಸಾವಿರ ಕೆರೆಗಳ ನಾಡು ಅಂತ ಇಲ್ಲಿನ ಕಾರುಗಳ ನಂಬರ್ ಪ್ಲೇಟಿನ ಮೇಲೇ ಬರೆದಿರುತ್ತೆ. ಸರ್ಕಾರಿ ಲೆಕ್ಕದ ಪ್ರಕಾರ 11,842. ಬೇಸಿಗೆಯಲ್ಲಿ ಬೋಟು ಓಡಿಸಿದ ಅದೇ ನೀರಿನ ಮೇಲೆ ಜನವರಿಯಲ್ಲಿ ಜನ ಕಾರು ಓಡಿಸಿಕೊಂಡು ಹೋಗಿ, ತೂತು ಕೊರೆದು, ಕುರ್ಚಿ ಹಾಕಿಕೊಂಡು ಮೀನು ಹಿಡಿಯುತ್ತಾರೆ. ಅಷ್ಟು ಗಟ್ಟಿಯಾಗುವ ನೀರು ಎಂಜಿನ್ನಿನ ಒಳಗೆ ಉಳಿದುಕೊಂಡರೆ ಏನಾಗುತ್ತೆ ಅನ್ನೋದನ್ನ ನಾನು ದುಡ್ಡು ಕೊಟ್ಟು ಕಲಿತವನು.

ನಾನು ಗಂಗೊಳ್ಳಿಯವನು. ಅಪ್ಪಯ್ಯ ಟ್ರಾಲ್ ಬೋಟಿನ ತಾಂಡೇಲರಾಗಿದ್ದವರು. ನಮ್ಮ ಕಡೆ ಬೋಟು ಮಲಗುವುದು ಚಳಿಗಲ್ಲ, ಮಳೆಗೆ. ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ. ಬಲೆ ಮನೆ ಸೇರುತ್ತೆ, ಬ್ಯಾಟರಿ ದಡ ಸೇರುತ್ತೆ, ಎಂಜಿನ್ನಿನ ಉಪ್ಪು ತೊಳೆದು ಆಯಿಲ್ ಬದಲಾಯಿಸುತ್ತಾರೆ. ಚಿಕ್ಕವನಿದ್ದಾಗ ಅದನ್ನೆಲ್ಲ ನೋಡುತ್ತ ಕೂತಿರುತ್ತಿದ್ದೆ. ಕಲಿಯಲಿಲ್ಲ. "ನೀ ಓದ್ಕೋ" ಅಂತ ಅಪ್ಪಯ್ಯ ಓಡಿಸುತ್ತಿದ್ದರು. ಓದಿಕೊಂಡೆ. ಹಾಗಾಗಿ ಮಿನಿಯಾಪೊಲಿಸ್ ತಲುಪಿದೆ.

ಇಲ್ಲಿಗೆ ಬಂದು ಎಂಟನೇ ವರ್ಷಕ್ಕೆ ನಮ್ಮ ಬೀದಿಯ ತುದಿಯ ಮನೆಯ ಅಜ್ಜ ತನ್ನ ಹಳೇ ಬೋಟು ಮಾರುತ್ತೇನೆ ಅಂದ. ಹತ್ತೊಂಬತ್ತಡಿಯದ್ದು, ಎಂಜಿನ್ ಬೋಟಿನ ಹೊಟ್ಟೆಯೊಳಗೆ. ಜನರಲ್ ಮೋಟರ್ಸ್‌ನ 4.3 ಲೀಟರ್, ವಿ-6. ತಾಂಡೇಲರ ಮಗನಿಗೆ ಒಂದು ಬೋಟಾದರೂ ಬೇಡವಾ ಅಂತ ಹೆಂಡತಿಯನ್ನು ಒಪ್ಪಿಸಿ ತಗೊಂಡೆ. ಕೀಲಿಕೈ ಕೊಡುವಾಗ ಅಜ್ಜ ಒಂದೂವರೆ ಗಂಟೆ ಪಾಠ ಮಾಡಿದ. ನಾನು ತಲೆಯಾಡಿಸಿದೆ. ಎಂಜಿನ್ನಿನ ಮುಚ್ಚಳದ ಒಳಗಡೆ ಕೋಟು ನೇತುಹಾಕುವ ಹ್ಯಾಂಗರಿನ ತಂತಿಯದೊಂದು ತುಂಡನ್ನು ಕೊಕ್ಕೆಯ ಹಾಗೆ ಬಗ್ಗಿಸಿ ಕಟ್ಟಿಟ್ಟಿದ್ದ. ಬೋಟು ಮನೆಗೆ ಬಂದ ದಿನವೇ ತೊಳೆದು ಒರೆಸಿ ಚೊಕ್ಕ ಮಾಡುವಾಗ ಅದನ್ನು ಕಸಕ್ಕೆ ಹಾಕಿದೆ.

ಔಟ್‌ಬೋರ್ಡ್ ಆದರೆ, ಅಂದರೆ ಬೋಟಿನ ಹಿಂದೆ ನೇತುಹಾಕುವ ಎಂಜಿನ್ ಆದರೆ, ಅಷ್ಟು ತಲೆಬಿಸಿ ಇಲ್ಲ. ನೇರ ನಿಲ್ಲಿಸಿದರೆ ನೀರು ತಾನಾಗಿ ಇಳಿದು ಹೋಗುತ್ತೆ. ಹೊಟ್ಟೆಯೊಳಗಿನ ಎಂಜಿನ್ನಿನ ಕಥೆ ಬೇರೆ. ನನ್ನ ಬೋಟಿನಂಥವು ಕೆರೆಯ ನೀರನ್ನೇ ಒಳಗೆಳೆದು, ಸಿಲಿಂಡರುಗಳ ಸುತ್ತ ಓಡಾಡಿಸಿ ತಂಪು ಮಾಡಿಕೊಂಡು, ಹೊಗೆಯ ಜೊತೆ ಹೊರಗೆ ಉಗುಳುತ್ತವೆ. ಎಂಜಿನ್ ನಿಲ್ಲಿಸಿದಾಗ ಒಂದಷ್ಟು ನೀರು ಒಳಗೇ ನಿಲ್ಲುತ್ತೆ. ನೀರು ಹೆಪ್ಪುಗಟ್ಟುವಾಗ ಹೆಚ್ಚುಕಡಿಮೆ ಶೇಕಡ 9ರಷ್ಟು ಹಿಗ್ಗುತ್ತೆ. ಎರಕದ ಕಬ್ಬಿಣ ಹಿಗ್ಗುವುದಿಲ್ಲ, ಒಡೆಯುತ್ತೆ, ಅಷ್ಟೇ. ಬ್ಲಾಕಿನಲ್ಲಿ ತಟ್ಟೆಯಂಥ ಮುಚ್ಚಳಗಳಿರುತ್ತವೆ, ಮಂಜುಗಡ್ಡೆಯಾದರೆ ಅವು ಹಾರಿಹೋಗಿ ಎಂಜಿನ್ ಉಳಿಯುತ್ತೆ ಅಂತ ಕೆಲವರು ನಂಬಿಕೊಂಡಿದ್ದಾರೆ. ಅದನ್ನು ನಂಬಿ ಕೂರಬೇಡಿ.

ಮೊದಲ ಅಕ್ಟೋಬರಿನಲ್ಲಿ ನಾನು ಪಟ್ಟಿ ಬರೆದುಕೊಂಡೇ ಕೆಲಸಕ್ಕಿಳಿದೆ. ಟ್ಯಾಂಕಿಗೆ ಪೆಟ್ರೋಲ್ ತುಂಬಿಸಿ, ಅದು ಕೆಡದ ಹಾಗೆ ಔಷಧಿ ಹಾಕಿದೆ. ಆಯಿಲ್ ಬದಲಿಸಿದೆ. ಬ್ಯಾಟರಿ ಬಿಚ್ಚಿದೆ. ನೀರು ಇಳಿಸಲು ನಾಲ್ಕು ಬಿರಡೆಗಳು: ಬ್ಲಾಕಿನ ಎರಡು ಬದಿಗೆ ಒಂದೊಂದು, ಹೊಗೆ ಹೋಗುವ ಮ್ಯಾನಿಫೋಲ್ಡುಗಳಿಗೆ ಒಂದೊಂದು. ಮೂರನ್ನು ಬಿಚ್ಚಿದಾಗ ನೀರು ಸುರಿಯಿತು. ನಾಲ್ಕನೆಯದು ಬಲಗಡೆಯ ಮೂಲೆಯಲ್ಲಿ. ಕೈ ಹೋಗದ ಜಾಗ, ತಲೆಕೆಳಗಾಗಿ ಮಲಗಿ ಬಿಚ್ಚಿದೆ. ಒಂದು ಹನಿಯೂ ಬರಲಿಲ್ಲ. ಸದ್ಯ, ಇಲ್ಲಿ ಖಾಲಿಯಾಗೇ ಇದೆ ಅಂದುಕೊಂಡು ಬಿರಡೆ ಹಾಕಿದೆ.

ಆಮೇಲೆ ಅಂಗಡಿಯಿಂದ ತಂದ ಗುಲಾಬಿ ಬಣ್ಣದ ಆಂಟಿಫ್ರೀಜ್ ಎಂಜಿನ್ನಿಗೆ ಕುಡಿಸಿದೆ. ಡಬ್ಬಿಯ ಮೇಲೆ ಮೈನಸ್ 50 ಅಂತ ದೊಡ್ಡದಾಗಿ ಬರೆದಿತ್ತು. ಎಂಜಿನ್ ಸ್ಟಾರ್ಟ್ ಮಾಡಿ ಎರಡು ನಿಮಿಷದಲ್ಲಿ ಹಿಂದಿನಿಂದ ಗುಲಾಬಿ ನೀರು ಹೊರಗೆ ಬಂತು. ಕೆಲಸ ಮುಗೀತು ಅಂತ ಖುಷಿಯಾಗಿ ಒಳಗೆ ಹೋಗಿ ಚಹಾ ಕುಡಿದೆ. ಎಂಜಿನ್ ಬಿಸಿಯಾಗುವವರೆಗೆ ಥರ್ಮೋಸ್ಟಾಟ್ ಬಾಗಿಲು ಹಾಕಿಕೊಂಡಿರುತ್ತೆ, ಕುಡಿಸಿದ್ದೆಲ್ಲ ಬ್ಲಾಕಿನೊಳಗೆ ಹೋಗದೆ ಪಕ್ಕದ ದಾರಿಯಿಂದಲೇ ಹೊರಗೆ ಬಂದುಬಿಡುತ್ತೆ ಅಂತ ಗೊತ್ತಿರಲಿಲ್ಲ. ಹಿಂದಿನಿಂದ ಬಣ್ಣ ಬಂದ ಮಾತ್ರಕ್ಕೆ ಒಳಗೆಲ್ಲ ಬಣ್ಣ ತುಂಬಿದೆ ಅಂತಲ್ಲ.

ಏಪ್ರಿಲ್ ಕೊನೆಗೆ ಹೊದಿಕೆ ತೆಗೆದು, ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದೆ. ಹತ್ತಿತು. ಐದು ನಿಮಿಷ ಬಿಟ್ಟು ಆಯಿಲ್ ಕಡ್ಡಿ ಎಳೆದು ನೋಡಿದರೆ ಹಾಲು ಹಾಕಿದ ಕಾಫಿಯ ಬಣ್ಣ. ಮೆಕ್ಯಾನಿಕ್ ಬಂದು ನೋಡಿ ತಲೆ ಅಲ್ಲಾಡಿಸಿದ. ಬ್ಲಾಕು ಒಳಗಡೆ ಬಿರುಕು ಬಿಟ್ಟಿತ್ತು, ಬಲಗಡೆ. ಬೇರೆ ಎಂಜಿನ್ ಕೂರಿಸುವುದಕ್ಕೆ ಅವನು ಹೇಳಿದ ಮೊತ್ತ ಬೋಟಿಗೆ ಕೊಟ್ಟದ್ದಕ್ಕಿಂತ ಜಾಸ್ತಿ.

ಇನ್ನು ನಾನು ಮಾಡಿದ ಕೆಲಸ ಹೇಳುತ್ತೇನೆ. ಹೆಂಡತಿಗೆ, ಅಕ್ಕಪಕ್ಕದವರಿಗೆ, ಆಫೀಸಿನವರಿಗೆಲ್ಲ "ಆ ಅಜ್ಜ ಸವೆದುಹೋದ ಎಂಜಿನ್ ತಲೆಗೆ ಕಟ್ಟಿದ" ಅಂತ ಹೇಳಿದೆ. ಊರಿಗೂ ಫೋನ್ ಮಾಡಿ ಅದನ್ನೇ ಹೇಳಿದೆ. ಅಪ್ಪಯ್ಯ ಪೂರಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ತೂತಿಗೆ ತಂತಿ ಹಾಕಿ ಕಂಡ್ಯಾ?"

ಹಿಮವನ್ನೇ ನೋಡದ ಮನುಷ್ಯ. ಆದರೆ ನೀರು ಓಡಾಡುವ ಎಂಜಿನ್ನಿನ ತಗ್ಗಿನಲ್ಲಿ ಮರಳು, ತುಕ್ಕಿನ ಹುಡಿ ಕೂತು ತೂತು ಕಟ್ಟಿಕೊಳ್ಳುತ್ತೆ ಅನ್ನೋದು ಗಂಗೊಳ್ಳಿಯಲ್ಲೂ ಅದೇ, ಮಿನೆಸೋಟದಲ್ಲೂ ಅದೇ. ಬಿರಡೆ ಬಿಚ್ಚಿದರೂ ನೀರು ಬರದಿದ್ದರೆ ನೀರಿಲ್ಲ ಅಂತಲ್ಲ, ದಾರಿ ಇಲ್ಲ ಅಂತ. ಆ ಹ್ಯಾಂಗರ್ ತಂತಿ ಏತಕ್ಕೆ ಅಂತ ನನಗೆ ಹೊಳೆದದ್ದು ಆಗ.

"ಹ್ಞೂಂ, ಹಾಕಿದ್ದೆ" ಅಂದೆ.

ಜುಲೈಯಲ್ಲಿ ಊರಿಗೆ ಹೋದೆ. ಮಳೆ ಜೋರಿತ್ತು. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ಸಾಲಾಗಿ ನಿಂತಿದ್ದವು. ಅಪ್ಪಯ್ಯ ಕೊಡೆ ಹಿಡಿದುಕೊಂಡು ದಿನಾ ಸಂಜೆ ಅಲ್ಲಿಗೆ ಹೋಗುತ್ತಾರೆ, ಮೀನುಗಾರಿಕೆ ಬಿಟ್ಟು ಹದಿನೈದು ವರ್ಷವಾದರೂ. ನಾನೂ ಹೋದೆ. ಸುಮ್ಮನೆ ನಿಂತಿದ್ದವನಿಗೆ ಏನನಿಸಿತೋ, "ತಂತಿ ಹಾಕಲಿಲ್ಲ ಅಪ್ಪಯ್ಯ, ಅವತ್ತು ಸುಳ್ಳು ಹೇಳಿದೆ. ತಂತಿ ಇತ್ತು. ನಾನೇ ಬಿಸಾಡಿದ್ದು" ಅಂದುಬಿಟ್ಟೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಂಗೂ ಒಂದ್ ಹೇಳುಕಿತ್ತ್" ಅಂದರು.

ನಾನು ಹುಟ್ಟುವ ಮೊದಲಿನ ಸಂಗತಿ. ಆ ವರ್ಷ ಮಳೆಗೆ ಬೋಟು ಕಟ್ಟಿಹಾಕುವಾಗ ಹೊರಗಿನ ನೀರು ಎಳೆಯುವ ಪೈಪಿನ ವಾಲ್ವು ತಿರುಗಿಸಿದ್ದಾರೆ. ಹಿಡಿ ಅರ್ಧಕ್ಕೇ ನಿಂತಿದೆ. ಪೂರಾ ಮುಚ್ಚಿದೆ ಅಂದುಕೊಂಡು ಮನೆಗೆ ಬಂದಿದ್ದಾರೆ. ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು, ಅಷ್ಟೇ, ಮುಚ್ಚಿರಲಿಲ್ಲ. ಮೂರನೇ ರಾತ್ರಿ ಪೈಪು ಕಳಚಿ ಬೋಟು ಅಂಚಿನವರೆಗೂ ಮುಳುಗಿ ಎಂಜಿನ್ ಹಾಳಾಯಿತು. ಧಣಿ ಬಂದು ವಾಲ್ವು ಮುಚ್ಚಿದ್ದು ಯಾರು ಅಂತ ಕೇಳಿದಾಗ, ಹದಿನೇಳು ವರ್ಷದ ಖಲಾಸಿ ಹುಡುಗನೊಬ್ಬ ಪಕ್ಕದಲ್ಲೇ ನಿಂತಿದ್ದ. ಅಪ್ಪಯ್ಯ ಅವನ ಕಡೆ ನೋಡಿದರಂತೆ. ಬಾಯಿಬಿಟ್ಟು ಏನೂ ಹೇಳಲಿಲ್ಲ. ನೋಡಿದ್ದಷ್ಟೇ ಸಾಕಾಯಿತು. ಹುಡುಗನನ್ನು ಕೆಲಸದಿಂದ ಬಿಡಿಸಿದರು. ಅವನು ರತ್ನಾಗಿರಿ ಕಡೆಯ ಬೋಟಿಗೆ ಹೋದ ಅಂತ ಆಮೇಲೆ ಯಾರೋ ಹೇಳಿದರಂತೆ.

"ಅಮ್ಮನಿಗೆ ಗೊತ್ತಿತ್ತಾ?" ಅಂದೆ.

"ಇಲ್ಲ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಮಿನಿಯಾಪೊಲಿಸ್‌ಗೆ ವಾಪಸಾದ ವಾರವೇ ಬೀದಿಯ ತುದಿಯ ಮನೆಗೆ ಹೋದೆ. ಏಪ್ರಿಲ್‌ನಿಂದ ಅಜ್ಜನ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಿದ್ದೆ. ನಾನು ಹೇಳಿದ ಮಾತು ಅವನ ಕಿವಿಗೂ ಬಿದ್ದಿತ್ತು. ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಮೇಲಿಂದ ಕೆಳಗೆ ಒಂದು ಸಲ ನೋಡಿ, ಒಳಗೆ ಹೋದ. ಬಾಗಿಲು ಹಾಕಿಕೊಂಡನೇನೋ ಅಂದುಕೊಂಡೆ. ಒಂದು ಹ್ಯಾಂಗರ್ ಹಿಡಿದುಕೊಂಡು ಬಂದ. "ಇದನ್ನ ನೀನೇ ಬಗ್ಗಿಸಿಕೋ" ಅಂದ. ಅವನು ಕ್ಷಮಿಸಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿಗೆ ಅದೇ ರಾತ್ರಿ ಹೇಳಿದೆ. ಅಕ್ಕಪಕ್ಕದವರಿಗೂ ಒಬ್ಬೊಬ್ಬರಿಗೆ ಹೇಳಿ ಬಂದೆ. ಅದು ಎಂಜಿನ್ ಬದಲಿಸುವುದಕ್ಕಿಂತ ಕಷ್ಟದ ಕೆಲಸ.

ಈಗ ನನ್ನ ಕ್ರಮ ಹೀಗೆ. ಕೆರೆಯಿಂದ ಮೇಲೆ ತಂದ ಬೋಟಿನ ಕಾಲಿಗೆ ತೋಟದ ಪೈಪು ಕಚ್ಚಿಸಿ, ಔಷಧಿ ಹಾಕಿದ ಪೆಟ್ರೋಲಿನಲ್ಲಿ ಎಂಜಿನ್ನನ್ನು ಒಂದು ಕಾಲು ಗಂಟೆ ಓಡಿಸುತ್ತೇನೆ. ಬಿಸಿ ಇರುವಾಗಲೇ ಹಳೇ ಆಯಿಲ್ ತೆಗೆಯುತ್ತೇನೆ. ಆಮೇಲೆ ನಾಲ್ಕೂ ಬಿರಡೆ ಬಿಚ್ಚಿ, ನೀರು ಬಂದರೂ ಬರದಿದ್ದರೂ ಪ್ರತಿ ತೂತಿಗೂ ತಂತಿ ಹಾಕಿ ಕೆದಕುತ್ತೇನೆ. ಪೈಪುಗಳನ್ನು ಬಿಚ್ಚಿ ಬಗ್ಗಿಸಿ ಖಾಲಿ ಮಾಡುತ್ತೇನೆ. ಎಲ್ಲ ಒಣಗಿದ ಮೇಲೇ ಬಿರಡೆ ಹಾಕಿ, ಆಂಟಿಫ್ರೀಜನ್ನು ಪೈಪಿನ ಬಾಯಿಂದ ಕೈಯಾರೆ ತುಂಬುತ್ತೇನೆ. ಒಳಗೆ ಹಳೇ ನೀರು ಉಳಿದಿದ್ದರೆ ಅದು ತೆಳುವಾಗಿ, ಡಬ್ಬಿಯ ಮೇಲಿನ ಮೈನಸ್ 50ಕ್ಕೆ ಅರ್ಥವೇ ಇರುವುದಿಲ್ಲ. ಹಿಂದಿನ ಕಾಲಿನ ಗೇರ್ ಆಯಿಲ್ ಬದಲಿಸಿ, ಕಾಲನ್ನು ಕೆಳಗೇ ಇಳಿಸಿಟ್ಟಿರುತ್ತೇನೆ, ಎತ್ತಿಟ್ಟರೆ ಅಲ್ಲೂ ನೀರು ನಿಲ್ಲುತ್ತೆ. ಕೊನೆಗೆ ಏನೇನು ಮಾಡಿದೆ ಅಂತ ರಟ್ಟಿನ ಮೇಲೆ ಬರೆದು ಸ್ಟಿಯರಿಂಗಿಗೆ ಕಟ್ಟುತ್ತೇನೆ.

ಈ ಸಲವೂ ಆ ಬಲಗಡೆಯ ತೂತಿನಿಂದ ಏನೂ ಬರಲಿಲ್ಲ. ಎಂಜಿನ್ ಹೊಸದು, ಚಾಳಿ ಹಳೇದು. ತಂತಿ ಹಾಕಿ ಎರಡು ಸಲ ತಿರುವಿದೆ. ತುಕ್ಕಿನ ಕೆಸರು ಬಿತ್ತು, ಹಿಂದೆಯೇ ಅರ್ಧ ಬಕೆಟ್ ಕಂದು ನೀರು ಬುಳಬುಳನೆ ಸುರಿಯಿತು. ತೋಳೆಲ್ಲ ಒದ್ದೆ ಮಾಡಿಕೊಂಡು ಹಾಗೇ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಅಪ್ಪಯ್ಯ ಎದ್ದಿರುತ್ತಾರೆ.

"ತಂತಿ ಹಾಕಿ ಕಂಡ್ಯಾ?"

"ಕಂಡೆ. ಅರ್ಧ ಬಕೆಟ್ ಬಂತು."

"ಹ್ಞಾ" ಅಂದರು. ಆಮೇಲೆ ಆ ಖಲಾಸಿಯ ನಂಬರ್ ಸಿಕ್ಕಿದೆ ಅಂದರು. ಹುಡುಗ ಏನಲ್ಲ ಈಗ, ಮೊಮ್ಮಕ್ಕಳಿದ್ದಾರಂತೆ. ನಂಬರ್ ಸಿಕ್ಕಿ ಎರಡು ತಿಂಗಳಾಯಿತು, ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರಂತೆ.

"ಮಾಡಿ ಅಪ್ಪಯ್ಯ, ಇವತ್ತೇ ಮಾಡಿ" ಅಂದೆ.

"ಕಾಂಬ" ಅಂದರು.