ಮದ್ದು ಬಿಟ್ಟಾತೋ?

ಆಟಿ ತಿಂಗಳಿಲಿ ಎಂಗಳ ಊರಿಲಿ ಒಬ್ಬಂಗೊಬ್ಬ ಸಿಕ್ಕಿರೆ "ಸೌಖ್ಯವೋ" ಹೇಳಿ ಕೇಳುವ ಕ್ರಮ ಇಲ್ಲೆ. "ಮದ್ದು ಬಿಟ್ಟಾತೋ?" ಹೇಳಿಯೇ ಕೇಳುದು. ಪೂಜೆ ಮನೆ ಆಗಲಿ, ಬೊಜ್ಜದ ಮನೆ ಆಗಲಿ, ಹಂತಿಲಿ ಕೂದವರ ಬಾಯಿಲಿ ಅದೊಂದೇ ಮಾತು. ಪೇಟೆಂದ ಬಂದ ನೆಂಟ್ರಿಂಗೆ ಇದು ಅರ್ಥ ಆಗ. ಕಳುದ ವರ್ಷ ಎನ್ನ ಅಕ್ಕನ ಮಗ ಬಂದಿತ್ತಿದ್ದ, ಬೆಂಗ್ಳೂರಿಲಿ ಕಂಪ್ಯೂಟರಿನ ಕೆಲಸಲ್ಲಿ ಇಪ್ಪವ. ಎರಡು ದಿನ ಕೇಳಿದ, ಮೂರನೇ ದಿನ ತಡೆಯದ್ದೆ ಎನ್ನತ್ರೆ ಹೇಳಿದ: "ಚಿಕ್ಕಮ್ಮ, ಈ ಊರಿಲಿ ಎಲ್ಲೋರಿಂಗೂ ಎಂತ ಸೀಕು? ಎಲ್ಲೋರೂ ಮದ್ದು ಮದ್ದು ಹೇಳ್ತವನ್ನೆ!"

ಸೀಕು ಎಂಗೊಗಲ್ಲ, ಅಡಕ್ಕೆಗೆ.

ಕೊಳೆರೋಗ ಹೇಳಿರೆ ಎಂತರ ಹೇಳಿ ಗೊಂತಿಲ್ಲದ್ದವಕ್ಕೆ ರಜ ಹೇಳ್ತೆ. ಮಳೆ ಹಿಡುದು ಕೆಲವು ವಾರ ಕಳುದ ಮೇಲೆ ಎಳತ್ತು ಅಡಕ್ಕೆಯ ತೊಟ್ಟಿನ ಹತ್ತರೆ ನೀರು ಕುಡುದ ಹಾಂಗಿಪ್ಪ ಒಂದು ಕಲೆ ಕಾಣ್ತು. ಅದು ಹರಡಿಗೊಂಡು ಹೋಗಿ, ಕಾಯಿಯ ಹೊಳಪು ಹೋಗಿ, ಕಡುಹಸುರಾಗಿ ತೊಟ್ಟು ಕಳಚಿ ಬೀಳ್ತು. ಬಿದ್ದ ಕಾಯಿಯ ಎರಡು ದಿನ ಹಾಂಗೇ ಬಿಟ್ಟರೆ ಮೈಯಿಡೀ ಬೆಳಿ ಬೂಷ್ಟು, ಹತ್ತಿ ಸುತ್ತಿದ ಹಾಂಗೆ. ಇರುಳು ಮಳೆ ರಜ ನಿಂದಪ್ಪಗ ತೋಟಂದ ಟಪ್ಪ, ಟಪ್ಪ ಹೇಳಿ ಕೇಳ್ತು. ಸುರುವಿಂಗೆ ಒಂದು, ಮತ್ತೆ ನಾಲ್ಕು, ಮತ್ತೆ ಲೆಕ್ಕ ಸಿಕ್ಕುತ್ತಿಲ್ಲೆ. ಎನ್ನ ಮಾವ ಇಪ್ಪಗ ಹಸಗೆಲಿ ಮನುಗಿಗೊಂಡೇ ಎಣುಸುಗು. ಉದಿಯಪ್ಪಗ ಚಾಯ ಕುಡಿವಗ ಅವರ ಮೋರೆ ನೋಡಿರೆ ಇರುಳು ಎಷ್ಟು ಬಿದ್ದಿದು ಹೇಳಿ ಅತ್ತೆಗೆ ಗೊಂತಕ್ಕು.

ಇದರ ಮಾಡುವದು ಫೈಟಾಫ್ತೊರಾ ಹೇಳುವ, ಕಣ್ಣಿಂಗೆ ಕಾಣದ್ದ ಒಂದು ಜೀವಿ. ಅದರ ಬೀಜಾಣುಗೊ ಕಾಯಿಯ ಮೇಲಾಣ ನೀರಿನ ಪಸೆಲಿ ಈಜುತ್ತವು. ಗಾಳಿಮಳೆಯ ಹನಿ ರಟ್ಟಿಯಪ್ಪಗ ಒಂದು ಕೊನೆಂದ ಇನ್ನೊಂದು ಕೊನಗೆ ಹೋವುತ್ತವು. ನಾಲ್ಕು ದಿನ ಮಳೆ, ಅರ್ಧ ದಿನ ಬೆಶಿಲು, ಪುನಾ ಮಳೆ, ಈ ನಮುನೆಯ ಹವೆ ಬಂದರೆ ಅದಕ್ಕೆ ಹಬ್ಬ. ಇದರ ಜಾತಿಯದ್ದೇ ಇನ್ನೊಂದು 1845ರಲ್ಲಿ ಐರ್ಲೆಂಡಿನ ಬಟಾಟೆಗೆ ಹಿಡುದತ್ತು. ಅಲ್ಯಾಣ ಬಡವಕ್ಕೆ ಬಟಾಟೆಯೇ ಊಟ. ಕೆಲವೇ ವರ್ಷಲ್ಲಿ ಹತ್ತು ಲಕ್ಷದಷ್ಟು ಜನ ಸತ್ತವು, ಹತ್ತು ಹತ್ತರೆ ಅಷ್ಟೇ ಜನ ಊರು ಬಿಟ್ಟವು. ಅಡಕ್ಕೆ ಬಿದ್ದರೆ ಆರೂ ಉಪವಾಸ ಸಾಯವು, ಅದು ಅಪ್ಪು. ಅಡಕ್ಕೆ ಅಶನ ಅಲ್ಲನ್ನೆ. ಆದರೆ ಎಂಗಳ ಮನೆಗೆ ಅಕ್ಕಿ ಬಪ್ಪದು, ಮಕ್ಕಳ ಫೀಸು ಹೋಪದು, ಅತ್ತೆಯ ಬೀಪಿ ಮಾತ್ರೆ ಬಪ್ಪದು, ಎಲ್ಲ ಅದೇ ಕೊನೆಂದ. ಮನೆ ಖರ್ಚಿನ ಪುಸ್ತಕ ಬರವದು ಆನು, ಹಾಂಗಾಗಿ ಹೇಳ್ತಾ ಇದ್ದೆ.

ಎಂಗೊ ಬಿಡುವ ಮದ್ದು ಬೋರ್ಡೋ. 100 ಲೀಟರು ನೀರಿಂಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಇದು ಹುಟ್ಟಿದ ಕತೆ ಕೇಳಿರೆ ನೆಗೆ ಬಕ್ಕು. ಫ್ರಾನ್ಸಿನ ಬೋರ್ಡೋ ಹೊಡೆಲಿ ದ್ರಾಕ್ಷೆ ತೋಟದವು ಮಾರ್ಗದ ಕರೆಯಾಣ ಬಳ್ಳಿಗೊಕ್ಕೆ ಮೈಲುತುತ್ತುದೇ ಸುಣ್ಣದೇ ಕಲಸಿ ತಳಿಗಡ. ರೋಗಕ್ಕೆ ಅಲ್ಲ, ಕಳ್ಳಂಗೊಕ್ಕೆ! ನೀಲಿ ನೀಲಿ ಕಂಡರೆ ವಿಷ ಹೇಳಿ ಹೆದರಿ ಹಣ್ಣು ಕೊಯ್ಯವು ಹೇಳಿ. ಆ ಬಳ್ಳಿಗೊಕ್ಕೆ ಬೂಷ್ಟುರೋಗವೂ ಬಯಿಂದಿಲ್ಲೆ ಹೇಳಿ ಮಿಲಾರ್ಡೆ ಹೇಳುವ ಪ್ರೊಫೆಸರಿಂಗೆ ಕಂಡತ್ತು, ಪರೀಕ್ಷೆ ಮಾಡಿ 1885ರಲ್ಲಿ ಲೋಕಕ್ಕೆ ಹೇಳಿದವು. ಐರ್ಲೆಂಡಿನವಕ್ಕೆ 40 ವರ್ಷ ತಡವಾತು. ಅಡಕ್ಕೆಗೆ ಇದರ ಹೊಂದುಸಿ ಕೊಟ್ಟದು ಲೆಸ್ಲಿ ಕೋಲ್ಮನ್, ಕೆನಡಾದವು. 1908ರಲ್ಲಿ ಮೈಸೂರು ಸರಕಾರದ ಕೆಲಸಕ್ಕೆ ಬಂದು, ಮಲೆನಾಡಿನ ತೋಟ ತಿರುಗಿ, 1910ರಲ್ಲಿ ಕೊಳೆರೋಗದ ಮೇಲೆ ಪುಸ್ತಕ ಬರದವು. ಅದಕ್ಕೆ ಮದಲು ಇದ್ದದು ಕೊಟ್ಟೆ ಕಟ್ಟುವದು: ಹಾಳೆಯ ಕೊನಗೆ ಕೊಡೆಯ ಹಾಂಗೆ ಕಟ್ಟುದು. ಘಟ್ಟದ ಮೇಲೆ ಶಿರಸಿ ಹೊಡೆಲಿ ಈಗಳೂ ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟುವವು ಇದ್ದವು.

ಮದ್ದು ಬಿಡುವ ದಿನ ಎನಗೆ ಅಡಿಗೆ ಒಳ ಒಂದು ಕೆಲಸ, ಜಾಲಿಲಿ ಒಂದು ಕೆಲಸ. ಸುಣ್ಣವ ಮುನ್ನಾಣ ದಿನವೇ ನೀರಿಂಗೆ ಹಾಕಿ, ಉದಿಯಪ್ಪಗ ಹಳೆ ವೇಷ್ಟಿಲಿ ಸೋಸೆಕ್ಕು. ಇಲ್ಲದ್ರೆ ಗನ್ನಿನ ಬಾಯಿ ಕಟ್ಟುತ್ತು, ಮರದ ಮೇಲೆ ಇಪ್ಪವಂಗೆ ಕೋಪ ಬತ್ತು. ಮೈಲುತುತ್ತಿನ ಬೇರೆ ಡ್ರಮ್ಮಿಲಿ ಕರಗುಸುದು. ಕಬ್ಬಿಣದ ಬಾಲ್ದಿ ಹತ್ತರೆ ತಪ್ಪಲಾಗ. ಮೈಲುತುತ್ತಿನ ನೀರಿನ ಸುಣ್ಣದ ನೀರಿಂಗೆ ಎರವದು, ಮರುಮಾತು ಇಲ್ಲೆ. ಎರದಪ್ಪಗ ಬಪ್ಪ ಆ ಆಕಾಶದ ಬಣ್ಣ ಎನಗೆ ಬಾರೀ ಕೊಶಿ. ಮತ್ತೆ ಮಾವನ ಪರೀಕ್ಷೆ: ಲಾಯ್ಕ ತೊಳದ ಪೀಶಕತ್ತಿಯ ಅದಕ್ಕೆ ಅದ್ದಿ, ಒಂದು ನಿಮಿಷ ಬಿಟ್ಟು ನೆಗ್ಗಿ ನೋಡುದು. ಕತ್ತಿಗೆ ಕೆಂಪು ಹಿಡುದರೆ ತಾಮ್ರ ಅಂಟಿತ್ತು ಹೇಳಿ ಲೆಕ್ಕ, ಸುಣ್ಣ ಸಾಲ. ಹಾಂಗೇ ಬಿಟ್ಟರೆ ಎಳತ್ತು ಕಾಯಿ ಕರಂಚಿ ಹೋಕು. ಈಗ ಲಿಟ್ಮಸ್ ಕಾಗದ ಸಿಕ್ಕುತ್ತು, ಆದರೂ ಎಂಗಳಲ್ಲಿ ಪೀಶಕತ್ತಿಯೇ. ಆ ಕತ್ತಿಲಿ ಮತ್ತೆ ಬೆಂಡೆಕಾಯಿ ಕೊರವಲಾಗ, ಅದು ಅಟ್ಟಲ್ಲೇ ಇಪ್ಪದು.

ಕಲಸಿದ ಮದ್ದು ಅದೇ ದಿನ ಮುಗಿಯೆಕ್ಕು, ನಾಳಂಗೆ ಮಡುಗಿರೆ ಗುಣ ಇಲ್ಲೆ. ಬಿಟ್ಟ ಮೇಲೆ ಒಣಗುಲೆ ರಜ ಹೊತ್ತು ಹೊಳವು ಬೇಕು. ಮದಲಾಣದ್ದು ಮಳೆ ಹಿಡಿವ ಮದಲೇ, ಎರಡನೇದು 40–45 ದಿನ ಕಳುದು. ಮಳೆ ಎಳದರೆ ಮೂರನೇದು. ಹೇಳ್ಲೆ ಸುಲಾಬ. ಆ ಎರಡನೇದರ ದಿನ ಬಪ್ಪದು ಸರೀ ಆಟಿಯ ನೆಡುಕೆ, ಆಕಾಶ ಒಟ್ಟೆ ಆದ ಹಾಂಗೆ ಮಳೆ ಸೊರಿವಗ.

ನಾಲ್ಕು ವರ್ಷ ಮದಲು ಆದ್ದದು ಅದೇ. ಎರಡನೇ ಮದ್ದಿಂಗೆ ಹೇಳಿ ಮಡುಗಿದ ಜನಕ್ಕೆ ಜ್ವರ ಬಂತು. ಬೇರೆಯವರ ಕೇಳಿರೆ ಎಲ್ಲೋರಿಂಗೂ ಹದಿನೈದು ದಿನದ ಕೆಲಸ ಕೈಲಿ. ಮರ ಹತ್ತುವವು ಊರಿಂಗೆ ಮೂರೇ ಜನ, ತೋಟ ಎಷ್ಟು! ಜನ ಸಿಕ್ಕಿದ ದಿನ ಮಳೆ, ಮಳೆ ನಿಂದ ದಿನ ಜನ ಇಲ್ಲೆ. ಮೂರು ವಾರ ಹೋತು. ಅಷ್ಟಪ್ಪಗ ಆನುದೇ ಅತ್ತೆದೇ ಕೊಡೆ ಹಿಡ್ಕೊಂಡು, ಬಿದ್ದ ಅಡಕ್ಕೆ ಹೆರ್ಕಿ ಹೆರ್ಕಿ ಹೆಡಗೆಲಿ ತುಂಬುಸಿ ಗುಂಡಿಗೆ ಹಾಕಿದೆಯೊ. ತೋಟಲ್ಲಿ ಬಿಟ್ಟರೆ ರೋಗ ಅಲ್ಲಿಂದಲೇ ಪುನಾ ಮೇಲೆ ಹತ್ತುತ್ತನ್ನೆ. ಬೆಳದ್ದಾದರೆ ಒಣಗುಸಿ ಕರಿಗೋಟಿನ ಕ್ರಯಕ್ಕಾದರೂ ಕೊಡ್ಲಕ್ಕು, ಆಟಿಲಿ ಬಿದ್ದ ಎಳತ್ತಿಂಗೆ ಅದೂ ಇಲ್ಲೆ. ಆ ವರ್ಷ ಜಾಲಿಲಿ ಅಡಕ್ಕೆ ಹರಗಿಯಪ್ಪಗ ಅರ್ಧ ಜಾಲು ಖಾಲಿ. ಮಗಳು ಪಿಯುಸಿಗೆ ಸೇರಿದ ವರ್ಷ ಅದು. ಹಾಸ್ಟೆಲಿನ ಎರಡನೇ ಕಂತಿಂಗೆ ಎನ್ನ ಎರಡು ಬಳೆ ಅಡವು ಮಡುಗಿತ್ತು. ಬಿಡುಸಿಗೊಂಡದು ಕಳುದ ವರ್ಷ. ಮಗಳಿಂಗೆ ಇಂದಿಂಗೂ ಗೊಂತಿಲ್ಲೆ, ಇದರ ಓದಿರೆ ಗೊಂತಕ್ಕು.

ಅದರ ಮತ್ತಾಣ ವರ್ಷ ಇವು ಕಾರ್ಬನ್ ಫೈಬರಿನ ದೋಟಿ ತಂದವು. ನೆಲಲ್ಲಿ ನಿಂದುಗೊಂಡೇ ಕೊನಗೆ ಮದ್ದು ಬಿಡ್ಲೆ ಎಡಿಗು. ಕೊರಳು ಬೇನೆ ಬತ್ತು, ಕಣ್ಣಿಂಗೆ ಮದ್ದು ಬೀಳ್ತು, ಮರದ ಮೇಲೆ ಕೂದು ಬಿಟ್ಟಷ್ಟು ಚೆಂದ ಆವುತ್ತಿಲ್ಲೆ ಹೇಳಿ ಹಳಬ್ಬರು ಹೇಳ್ತವು. ಇಕ್ಕು. ಆದರೆ ಹಸಿ ಮರಲ್ಲಿ ಕಾಲು ಜಾರಿ ಬಿದ್ದು ನೆಡು ಮುರುದವರ ಆನು ನೋಡಿದ್ದೆ. ದೋಟಿ ಬಂದದು ಎನಗಂತೂ ಸಮಾಧಾನ.

ಅಕ್ಕನ ಮಗಂಗೆ ಇದೆಲ್ಲ ಹೇಳಿಯಪ್ಪಗ ಅವ ಕೇಳಿದ: "ಇಷ್ಟೆಲ್ಲ ಎಂತಕೆ ಚಿಕ್ಕಮ್ಮ, ಪ್ರಕೃತಿಗೇ ಬಿಟ್ಟರೆ ಆಗದೋ? ಕಾಡಿಂಗೆ ಆರು ಮದ್ದು ಬಿಡ್ತವು?" ಕಾಡಿಲಿ ಒಂದೇ ಜಾತಿಯ ಸಾವಿರ ಮರ ಒಂಭತ್ತು ಅಡಿಗೆ ಒಂದರ ಹಾಂಗೆ ಸಾಲು ಹಿಡುದು ನಿಂಬದು ಎಲ್ಲಿದ್ದು? ಎಂಗೊ ರೋಗಕ್ಕೆ ಹಂತಿ ಹಾಕಿ ಎಲೆ ಮಡುಗಿದ್ದೆಯೊ, ಅದು ಕೂದು ಉಣ್ಣದ್ದೆ ಇಕ್ಕೋ? ಕೀಟ, ರೋಗ ಎಲ್ಲ ಸೇರಿ ಲೋಕದ ಬೆಳೆಲಿ 40 ಶೇಕಡದ ವರೆಂಗೆ ಹಾಳಾವುತ್ತು ಹೇಳಿ ವಿಶ್ವಸಂಸ್ಥೆಯ ಆಹಾರ, ಕೃಷಿ ವಿಭಾಗದವರ ಲೆಕ್ಕ. ಅದು ಇಷ್ಟು ಮದ್ದು ಬಿಟ್ಟ ಮೇಲೂ!

ಆದರೆ ಮಾಣಿ ವಿಷದ ಬಗ್ಗೆ ಹೇಳಿದ್ದರ ಆನು ತೆಗದು ಹಾಕುತ್ತಿಲ್ಲೆ. ಕಾಸರಗೋಡು ಹೊಡೆಯಾಣ ಪಡ್ರೆ, ಸ್ವರ್ಗಲ್ಲಿ ಎಂತ ಆತು ಹೇಳಿ ಎಂಗೊಗೆ ಆರೂ ಹೇಳಿಕೊಡೆಕ್ಕು ಹೇಳಿ ಇಲ್ಲೆ. ಗೇರುತೋಟದ ಸೊಳ್ಳೆಗೆ ಹೇಳಿ 1970ರ ದಶಕದ ಕಡೇಂದ ಸುರುಮಾಡಿ 2000ದ ವರೆಂಗೆ ಹೆಲಿಕಾಪ್ಟರಿಲಿ ಎಂಡೋಸಲ್ಫಾನ್ ತಳುದವು. ಗುಡ್ಡೆಯ ಮೇಲೆ ಗೇರು, ಬುಡಲ್ಲಿ ಮನೆ, ಬಾವಿ, ತೋಡು. ನೆಡವಲೆ ಎಡಿಯದ್ದ, ಮಾತಾಡ್ಲೆ ಎಡಿಯದ್ದ ಮಕ್ಕೊ ಇಪ್ಪ ಮನೆಗೊ ಆ ಹೊಡೆಲಿ ಇದ್ದವು, ಇತ್ಲಾಗಿ ಕೊಕ್ಕಡಲ್ಲಿಯೂ ಇದ್ದವು. ಸುಪ್ರೀಂ ಕೋರ್ಟು ಅದರ ನಿಲ್ಲುಸಿದ್ದು 2011ರಲ್ಲಿ. ಬೆಳೆಯ ಒಳಿಶೆಕ್ಕು, ಆದರೆ ಬೆಳೆಯ ಉಂಬವರ ಬಿಟ್ಟು ಅಲ್ಲನ್ನೆ. ಮೈಲುತುತ್ತು ಅಷ್ಟು ದೊಡ್ಡ ವಿಷ ಅಲ್ಲ, ಆದರೂ ತಾಮ್ರ ಮಣ್ಣಿಲಿ ಒಳಿತ್ತು, ವರ್ಷ ವರ್ಷ ಸೇರ್ತು. ಹಾಂಗಾಗಿ ಬಾವಿಯ ಹತ್ತರಾಣ ಹದಿನೈದು ಮರಕ್ಕೆ ಮದ್ದು ಬಿಡುವ ಬದಲು ಕೊಟ್ಟೆಯೇ ಕಟ್ಟೆಕ್ಕು ಹೇಳಿ ಎನ್ನ ಹಟ. ಇವು "ಖರ್ಚು ಹೆಚ್ಚು" ಹೇಳ್ತವು, ಆದರೂ ಕಟ್ಟುಸುತ್ತವು.

ಮದ್ದಿನ ಬಗ್ಗೆ ಎಷ್ಟು ದೂರಿರೂ, ಮದ್ದೇ ಇಲ್ಲದ್ದ ರೋಗ ಕಂಡ ಮೇಲೆ ಬಾಯಿ ಕಟ್ಟುತ್ತು. ಎನ್ನ ಅಪ್ಪನ ಮನೆ ಸುಳ್ಯ ತಾಲೂಕಿಲಿ, ಸಂಪಾಜೆ ಹೊಡೆಲಿ. ಅಲ್ಲಿ ಹಳದಿ ರೋಗ. ಸೋಗೆಯ ಕೊಡಿ ಹಳದಿ ಆವುತ್ತು, ಬೇರಿನ ಕೊಡಿ ಕೊಳೆತ್ತು, ಅಡಕ್ಕೆ ಸೊಲುದರೆ ಒಳ ಕಪ್ಪು. ಮರ ಒಂದರಿಯೇ ಸಾಯ್ತಿಲ್ಲೆ. ಮಂಡೆ ವರ್ಷಂದ ವರ್ಷಕ್ಕೆ ಸಣ್ಣ ಆಗಿಯೊಂಡು ಹೋವುತ್ತು, ಕಡೇಂಗೆ ಒಂದು ಕೊನೆಯೂ ಇಲ್ಲೆ. ಫೈಟೋಪ್ಲಾಸ್ಮ ಹೇಳುವ ಅತಿ ಸಣ್ಣ ಜೀವಿಯ ಕೆಲಸ ಅದು, ಒಂದು ಜಿಗಿಹುಳು ಅದರ ಮರಂದ ಮರಕ್ಕೆ ಹೊರ್ತು. ತಳಿವಲೆ ಮದ್ದು ಹೇಳಿ ಇಲ್ಲೆ. ವಿಟ್ಲದ ಸಂಶೋಧನಾ ಕೇಂದ್ರದವು ರೋಗದ ನೆಡುಕೆಯೂ ಹಸುರಾಗಿ ನಿಂದ ಮರಂಗಳ ಹುಡ್ಕಿ ಅದರಿಂದ ಸೆಸಿ ಮಾಡುವ ಪ್ರಯತ್ನಲ್ಲಿದ್ದವು, ಅದೇ ಒಂದು ಆಶೆ. ಅಪ್ಪ ನೆಟ್ಟ ತೋಟವ ಅಣ್ಣ ಅವನ ಕೈಯಾರೆ ಕಡಿಶಿದ. ಅಡಕ್ಕೆ ಮರ ಹೋದರೆ ಅದಕ್ಕೆ ಹಬ್ಬಿದ ಗೆಣಮೆಣಸಿಂಗೂ ಆಧಾರ ಇಲ್ಲೆ, ಅದೂ ಹೋತು. ಈಗ ರಬ್ಬರು, ರಜ ಕಾಫಿ, ನಾಲ್ಕು ಜಾಯಿಕಾಯಿ. ಆನು ಹೋದರೆ ಅತ್ತಿಗೆ ಕೊದಿಲು, ತಾಳು ಮಾಡಿ ಬಳುಸುತ್ತು, ಎಲ್ಲ ಮದಲಾಣ ಹಾಂಗೇ. ಆದರೆ ಅಣ್ಣ ತೋಟದ ಮಾತು ತೆಗೆತ್ತ ಇಲ್ಲೆ, ಆನೂ ಕೇಳ್ತಿಲ್ಲೆ.

ಈಗ ಎಂಗಳ ಹೊಡೆಂಗೆ ಹೊಸತ್ತೊಂದು ಬಯಿಂದು, ಎಲೆಚುಕ್ಕಿ. ಕಳಸ, ತೀರ್ಥಹಳ್ಳಿ ಹೊಡೆಲಿ ತೋಟಕ್ಕೆ ತೋಟವೇ ಸುಟ್ಟ ಹಾಂಗೆ ಕಂಡ ಪಟಂಗೊ ಫೋನಿಲಿ ಬಂದಪ್ಪಗ ನಮ್ಮಲ್ಲಿಗೆ ಇಲ್ಲೆ ಹೇಳಿ ಇತ್ತು. ಹೋದ ತಿಂಗಳು ಹಟ್ಟಿಯ ಹಿಂದಾಣ ಮರದ ಅಡಿಯಾಣ ಸೋಗೆಲಿ ಕಂದು ಚುಕ್ಕಿ, ಸುತ್ತ ಹಳದಿ. ಕೊನಗೆ ಮಾಂತ್ರ ಮದ್ದು ಬಿಟ್ಟರೆ ಸಾಲ, ಸೋಗೆಗೂ ಬಿಡೆಕ್ಕು, ಅಡಿಭಾಗಕ್ಕೂ ತಾಗೆಕ್ಕು. ಎಂಗಳದ್ದು ಮಾಂತ್ರ ಆದರೆ ಪ್ರಯೋಜನ ಇಲ್ಲೆ. ಕರೆಯಾಣ ತೋಟದವು ಪೇಟೆಲಿ ಇದ್ದವು, ಅಡಕ್ಕೆ ಕೊಯ್ವಗ ಮಾಂತ್ರ ಬಪ್ಪವು. ಇವು ಫೋನು ಮಾಡಿ ಕೇಳಿ, ಗಡಿಯಾಣ ಅವರ ಮೂರು ಸಾಲಿಂಗೂ ಎಂಗಳದ್ದೇ ಮದ್ದು ಬಿಟ್ಟವು. ಪೈಸೆ ಕೊಡ್ತೆಯೊ ಹೇಳಿದ್ದವು, ನೋಡುವ.

ಚುಕ್ಕಿ ಬಿದ್ದ ಸೋಗೆಯ ಕಡುದು ಸುಡೆಕ್ಕು ಹೇಳಿ ಹೇಳಿದ್ದವು. ಮದಲೆಲ್ಲ ಅದು ಹಟ್ಟಿಗೆ, ಗೊಬ್ಬರಕ್ಕೆ ಹೋಪದು. ಒಂದು ಸೋಗೆಯೂ ಹಾಳಪ್ಪಲಾಗ ಹೇಳಿ ಇದ್ದ ಅತ್ತೆಗೆ ಇದರ ನೋಡ್ಲೆ ಎಡಿತ್ತಿಲ್ಲೆ, ಒಳ ಹೋವುತ್ತವು. ನಿನ್ನೆ ಹೊತ್ತೋಪಗ ಮೇಲಾಣ ಗುಡ್ಡೆಲಿ ಕಿಚ್ಚು ಹಾಕಿದೆಯೊ. ಹಸಿ ಸೋಗೆ, ಮೇಲಂದ ಹನಿ ಮಳೆ. ಹೊಗೆಯೇ ಹೆಚ್ಚು, ಅರ್ಧವೂ ಹೊತ್ತಿದ್ದಿಲ್ಲೆ. ಒಳುದ್ದರ ಟರ್ಪಾಲು ಮುಚ್ಚಿ ಬಂದಿದೆಯೊ.