ತಮ್ಮನ ಷೇರುಗಳು, ನನ್ನ ಭರವಸೆ

ಅಪ್ಪ ತೀರಿಕೊಂಡಾಗ ಪೌತಿ ಖಾತೆಗಾಗಿ ನಾಡಕಚೇರಿಗೆ ಅಲೆದವನು ನಾನೇ. ಅಂದಿನಿಂದ ಆಸ್ತಿ, ಕಾಗದಪತ್ರದ ಮಾತು ಬಂದರೆ ಮನೆಯವರೆಲ್ಲ ನನ್ನ ಮುಖ ನೋಡುತ್ತಿದ್ದರು. 2024ರಲ್ಲಿ ತಮ್ಮ ಹೋದಾಗಲೂ ಹಾಗೇ ಆಯಿತು. ಅವನು ಅಮೆರಿಕದಲ್ಲಿ ದುಡಿದು, ಗ್ರೀನ್ ಕಾರ್ಡ್ ಒಪ್ಪಿಸಿ, ಮೈಸೂರಿಗೆ ಮರಳಿ ನೆಲೆಸಿದ್ದ. ಕಂಪನಿ ಕೊಟ್ಟಿದ್ದ ಷೇರುಗಳು ಮಾತ್ರ ಅಲ್ಲಿನ ಬ್ರೋಕರ್ ಖಾತೆಯಲ್ಲೇ ಉಳಿದಿದ್ದವು. ಬೆಲೆ ಸುಮಾರು 2 ಲಕ್ಷ ಡಾಲರ್.

"ಭಾವ, ಅಲ್ಲಿ ಏನಾದರೂ ತೆರಿಗೆ ಕಟ್ಟಬೇಕಾ? ಯಾರನ್ನಾದರೂ ಒಂದ್ಸಲ ಕೇಳೋಣವಾ?" ಎಂದಳು ಅವನ ಹೆಂಡತಿ.

"ಏನೂ ಬೇಡಮ್ಮ, ನೀನು ನಿಶ್ಚಿಂತೆಯಾಗಿರು" ಎಂದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು: ಸತ್ತವರ ಆಸ್ತಿಯ ಮೇಲಿನ ತೆರಿಗೆಯಾದ ಎಸ್ಟೇಟ್ ಡ್ಯೂಟಿ ನಮ್ಮಲ್ಲಿ 1985ರಲ್ಲೇ ರದ್ದಾಗಿದೆ; ಅಮೆರಿಕದಲ್ಲಿ ತಮ್ಮ ಹೋದ ವರ್ಷ 1 ಕೋಟಿ 36 ಲಕ್ಷ ಡಾಲರ್‌ವರೆಗೂ ವಿನಾಯಿತಿ ಇತ್ತು. ಎರಡೂ ನಿಜವೇ. ಆದರೆ ಆ ದೊಡ್ಡ ವಿನಾಯಿತಿ ಅಲ್ಲಿನ ಪ್ರಜೆಗಳಿಗೆ, ಅಲ್ಲೇ ನೆಲೆಸಿದವರಿಗೆ. ನಮ್ಮಂಥವರಿಗೆ 60,000 ಡಾಲರ್ ಅಷ್ಟೇ. ಅಮೆರಿಕದ ಕಂಪನಿಯ ಷೇರು ಯಾವ ಊರಿನವರ ಕೈಯಲ್ಲಿದ್ದರೂ ಅಲ್ಲಿನ ಆಸ್ತಿಯೇ. ಈ ತೆರಿಗೆಯ ಬಗ್ಗೆ ಎರಡು ದೇಶಗಳ ನಡುವೆ ಒಪ್ಪಂದವೂ ಇಲ್ಲ.

ಷೇರು ವರ್ಗಾಯಿಸಲು ಬ್ರೋಕರ್ ಕಂಪನಿ ಅಮೆರಿಕದ ತೆರಿಗೆ ಇಲಾಖೆಯ ಪ್ರಮಾಣಪತ್ರ ಕೇಳಿದಾಗಲೇ ನನಗಿದು ತಿಳಿದದ್ದು. ಅಷ್ಟರಲ್ಲಿ ರಿಟರ್ನ್ ಸಲ್ಲಿಸಲು ಇದ್ದ 9 ತಿಂಗಳು ಕಳೆದುಹೋಗಿದ್ದವು. ಲೆಕ್ಕಪರಿಶೋಧಕರು ಎದುರು ಕೂರಿಸಿಕೊಂಡು ಲೆಕ್ಕ ಬಿಡಿಸಿದರು. ತೀರಿಕೊಂಡ ದಿನದ ಗರಿಷ್ಠ, ಕನಿಷ್ಠ ಬೆಲೆಗಳ ಸರಾಸರಿಯೇ ಷೇರಿನ ಮೌಲ್ಯ. ಅಂತ್ಯಕ್ರಿಯೆಯ ಖರ್ಚು, ಸಾಲ ಕಳೆಯಬಹುದು. ಆದರೆ ಒಟ್ಟು ಆಸ್ತಿಯಲ್ಲಿ ಅಮೆರಿಕದ ಪಾಲೆಷ್ಟೋ ಅಷ್ಟು ಮಾತ್ರ, ಅದಕ್ಕೂ ಮೈಸೂರಿನ ಮನೆಯ ಬೆಲೆ ತೋರಿಸಬೇಕು. ಹೆಂಡತಿಗೆ ಬರುವ ಆಸ್ತಿಗೆ ಸಿಗುವ ಪೂರ್ಣ ವಿನಾಯಿತಿ, ಅವಳು ಅಮೆರಿಕದ ಪ್ರಜೆಯಲ್ಲದ ಕಾರಣ, ವಿಶೇಷ ಟ್ರಸ್ಟ್ ಇಲ್ಲದೆ ಸಿಗದು. ಏನನ್ನೂ ಕಳೆಯದೆ ಹಿಡಿದರೆ 2 ಲಕ್ಷಕ್ಕೆ ದರಪಟ್ಟಿಯಂತೆ 54,800 ಡಾಲರ್, ಮೊದಲ 60,000ದ ತೆರಿಗೆ 13,000 ವಜಾ, ಉಳಿದದ್ದು 41,800. ಜೊತೆಗೆ ತಡವಾದದ್ದಕ್ಕೆ ದಂಡ, ಬಡ್ಡಿ.

ಮಗಳ ಓದಿಗೆಂದು ಅವಳು ನೆಚ್ಚಿಕೊಂಡಿದ್ದ ದುಡ್ಡು ಅದು. ತೆರಿಗೆ ಹೇಗೂ ತಪ್ಪುತ್ತಿರಲಿಲ್ಲ. ದಂಡ ಬಿದ್ದದ್ದು ನನ್ನ ಮಾತಿನಿಂದ. ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ಸುಟ್ಟಿತು. ಎಷ್ಟೋ ದಿನ ಆ ಮನೆಯ ಮೆಟ್ಟಿಲು ಹತ್ತಲು ಮುಖವಿರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಅವಳು ಸರಿಯಾದ ಹೊತ್ತಿಗೇ ಕೇಳಿದ್ದಳು. ಸಾವಿನ ಮನೆಯಲ್ಲಿ ಧೈರ್ಯ ಹೇಳುವುದು ಹಿರಿಯನ ಕೆಲಸವೆಂದುಕೊಂಡು, ಗೊತ್ತಿಲ್ಲದ್ದನ್ನು ಗೊತ್ತಿದ್ದವನಂತೆ ಹೇಳಿ ನಾನು ಅವಳ ಬಾಯಿ ಮುಚ್ಚಿಸಿದ್ದೆ.

ನಿಮ್ಮ ಮನೆಯಲ್ಲಿ ಯಾರ ಹೆಸರಿನಲ್ಲಾದರೂ ಅಮೆರಿಕದ ಷೇರುಗಳಿದ್ದರೆ, ಅವುಗಳ ಬೆಲೆ 60,000 ಡಾಲರ್ ದಾಟಿದೆಯೇ ಎಂದು ಇವತ್ತೇ ನೋಡಿ. ದಾಟಿದ್ದರೆ ಎರಡೂ ದೇಶಗಳ ತೆರಿಗೆ ಬಲ್ಲವರನ್ನು ಕೇಳಿ, ಷೇರಿನ ಒಡೆಯರು ಕಣ್ಣೆದುರು ಇರುವಾಗಲೇ ಕೇಳಿ.